ಕೊಳಗ ಯಾರ ಕೈಯಲ್ಲಿದೆ?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಎರಡನೇ ವರ್ಷದ ಬಿ.ಎ. ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹದಿನಾಲ್ಕು ಹಾಳೆ ಅವನ ಕೈಯಲ್ಲಿತ್ತು. "ಸರ್, ರಾತ್ರಿ ಹನ್ನೊಂದೂ ಐವತ್ತೆಂಟಕ್ಕೆ ತೊಂಬತ್ತೆರಡು ಪರ್ಸೆಂಟ್ ಅಪ್‌ಲೋಡ್ ಆಗಿತ್ತು. ಅಷ್ಟೊತ್ತಿಗೆ ಟವರ್ ಹೋಯ್ತು" ಅಂದ. ಹೊಸನಗರ ತಾಲ್ಲೂಕಿನ ಒಳಗಿನ ಊರು ಅವನದು. ಹಿಂದಿನ ದಿನ ಬೆಳಿಗ್ಗೆಯೇ ಕರೆಂಟು ಹೋಗಿತ್ತು. ನಮ್ಮ ಕಡೆ ಕರೆಂಟು ಹೋದರೆ ಟವರಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದು ಪ್ರತಿ ಮನೆಯವರಿಗೂ ಬಾಯಿಪಾಠ. ಸಂಜೆಯ ಮೇಲೆ ಮನೆ ಹಿಂದಿನ ಗುಡ್ಡ ಹತ್ತಿ, ಕೊಡೆಯ ಕೆಳಗೆ ಕೂತು, ಒಂದೊಂದೇ ಹಾಳೆಯ ಫೋಟೊ ತೆಗೆದು ಪಿಡಿಎಫ್ ಮಾಡಿ ಕಳಿಸಲು ನೋಡಿದ್ದಾನೆ. ಗಡುವು ಹನ್ನೊಂದೂ ಐವತ್ತೊಂಬತ್ತಕ್ಕೆ ಮುಗಿದಿತ್ತು. ಪರದೆಯ ಮೇಲೆ ಅವನ ಹೆಸರಿನ ಮುಂದೆ 'ಸಲ್ಲಿಸಿಲ್ಲ' ಎಂದಿತ್ತು. ಅಂಕ ಸೊನ್ನೆ.

ಆ ಹಾಳೆಗಳನ್ನು ನಾನು ಅಲ್ಲೇ ನಿಂತು ಓದಿದೆ. ಅಡಿಕೆ ಸುಲಿಯುವ ಹೆಂಗಸರ ಬಗ್ಗೆ, ತನ್ನ ಅಜ್ಜಿಯನ್ನೂ ನೆರೆಮನೆಯವರನ್ನೂ ಮಾತಾಡಿಸಿ ಬರೆದದ್ದು. ಕಾಗುಣಿತದ ತಪ್ಪುಗಳಿದ್ದವು. ಆದರೆ ಮೆಟ್ಟುಕತ್ತಿಯ ಮುಂದೆ ನಡುರಾತ್ರಿಯವರೆಗೆ ಕೂತವರ ಬೆನ್ನು ಹೇಗೆ ನೋಯುತ್ತದೆ, ಕೂಲಿಯನ್ನು ಅಳತೆಯ ಡಬ್ಬದ ಲೆಕ್ಕದಲ್ಲಿ ಕೊಡುವಾಗ ಡಬ್ಬವನ್ನು ಯಾರು ಹೇಗೆ ತುಂಬುತ್ತಾರೆ ಎಂಬುದೆಲ್ಲ ಅದರಲ್ಲಿತ್ತು. ಆ ವರ್ಷ ನಾನು ಓದಿದ ಅತ್ಯುತ್ತಮ ನಿಯೋಜಿತ ಬರಹ ಅದು. ಹಾಳೆ ಹಿಡಿದು ಸಂಬಂಧಪಟ್ಟವರ ಬಳಿ ಹೋದೆ. ಅವರು ಒಳ್ಳೆಯವರೇ, ಹುಡುಗನ ಮೇಲೆ ಸಿಟ್ಟೇನೂ ಇರಲಿಲ್ಲ. "ಸಿಸ್ಟಂ ತಗೊಳಲ್ಲ ಮಾರಾಯ್ರೆ, ನಾವೆಂತ ಮಾಡದು?" ಅಂದರು.

ಆ ಮಾತಿಗೆ ಉತ್ತರವಾಗಿ ಈ ಲೇಖನ. ಸಿಸ್ಟಂ ತೆಗೆದುಕೊಳ್ಳುವುದಿಲ್ಲ ಎಂಬುದು ಸುಳ್ಳು. ತೆಗೆದುಕೊಳ್ಳಬಾರದು ಎಂದು ಅದಕ್ಕೆ ಯಾರೋ ಹೇಳಿಕೊಟ್ಟಿದ್ದಾರೆ.

ನಮ್ಮ ಕಾಲೇಜಿನಲ್ಲಿರುವುದು ಮೂಡಲ್ ಎಂಬ ತಂತ್ರಾಂಶ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂಗಳಲ್ಲಿ ಒಂದು. ಇಂಗ್ಲಿಷಿನ ಪದಗಳ ಮೊದಲಕ್ಷರ ಸೇರಿಸಿ ಮಾಡಿದ ಹೆಸರಾದರೂ ಕನ್ನಡದ ಕಿವಿಗೆ ಅದು ಪೂರ್ವದಿಕ್ಕಿನಂತೆ ಕೇಳುತ್ತದೆ. ಅದರಲ್ಲಿ ನಿಯೋಜಿತ ಬರಹಕ್ಕೆ ಎರಡು ಬಗೆಯ ದಿನಾಂಕ ಇಡಬಹುದು. ಒಂದು, ಕೊಡಬೇಕಾದ ದಿನ. ಅದು ದಾಟಿದರೂ ಬರಹ ಸ್ವೀಕಾರವಾಗುತ್ತದೆ, ಪಕ್ಕದಲ್ಲಿ 'ತಡ' ಎಂದು ಬೀಳುತ್ತದೆ ಅಷ್ಟೆ. ಇನ್ನೊಂದು, ಬಾಗಿಲು ಮುಚ್ಚುವ ದಿನ. ಇದನ್ನು ಬೇಕಿದ್ದರೆ ಮಾತ್ರ ಇಡಬೇಕು, ಇಡದಿದ್ದರೂ ನಡೆಯುತ್ತದೆ. ಇಟ್ಟರೂ ಒಬ್ಬ ವಿದ್ಯಾರ್ಥಿಗೆ ಮಾತ್ರ ಗಡುವು ವಿಸ್ತರಿಸುವ ಅವಕಾಶ ಬೇರೆ ಇದೆ. ಅಂದರೆ, ಮಳೆಯಲ್ಲಿ ತೋಯ್ದು ಬಂದ ಹುಡುಗನನ್ನು ಒಳಗೆ ಕರೆದುಕೊಳ್ಳುವ ಬಾಗಿಲನ್ನು ತಂತ್ರಾಂಶ ಬರೆದವರು ಮೊದಲೇ ಇಟ್ಟಿದ್ದಾರೆ. ನಮ್ಮಲ್ಲಿ ಎಲ್ಲ ವಿಷಯಗಳಿಗೂ ಒಂದೇ ಏಟಿಗೆ ಎರಡೂ ದಿನಾಂಕಗಳನ್ನು ಒಂದೇ ಮಾಡಿ, ವಿಸ್ತರಣೆಯ ಹಕ್ಕನ್ನು ಪಾಠ ಮಾಡುವವರಿಂದ ತೆಗೆದುಹಾಕಿದ್ದರು. ಯಾಕೆಂದು ಕೇಳಿದರೆ, 'ವರದಿ ಹೊಂದಬೇಕಲ್ಲ.'

ನಾನು ಅತಿಥಿ ಉಪನ್ಯಾಸಕ. ಮೂಡಲ್‌ನಲ್ಲಿ ನನಗೆ ಸಿಕ್ಕಿರುವ ಪಾತ್ರದ ಹೆಸರನ್ನು ಕನ್ನಡಿಸಿದರೆ 'ತಿದ್ದುವ ಹಕ್ಕಿಲ್ಲದ ಶಿಕ್ಷಕ' ಎಂದಾಗುತ್ತದೆ. ಅಂಕ ಕೊಡಬಹುದು, ಪಾಠದ ವಿನ್ಯಾಸ ಬದಲಿಸುವಂತಿಲ್ಲ. ನನ್ನ ಹತ್ತು ವರ್ಷದ ವೃತ್ತಿಯನ್ನು ಇಷ್ಟು ಸರಿಯಾಗಿ ಬೇರೆ ಯಾರೂ ವರ್ಣಿಸಿಲ್ಲ.

ಸಾಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಕಾಗೋಡು ಇದೆ. 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದುತ್ತಾರೆ. ಎಚ್. ಗಣಪತಿಯಪ್ಪನವರ ಹೆಸರು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರ ಹೆಸರು, ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ ಅವರ ಹೆಸರು, ಎಲ್ಲ ಬರೆಯುತ್ತಾರೆ. ಆದರೆ ಜಗಳ ಶುರುವಾದದ್ದು ಎಲ್ಲಿಂದ ಎಂಬುದು ಎರಡು ಅಂಕದ ಪ್ರಶ್ನೆಯಲ್ಲಿ ಕಳೆದುಹೋಗುತ್ತದೆ. ಅದು ಶುರುವಾದದ್ದು ಕೊಳಗದಿಂದ. ಗೇಣಿ ಭತ್ತ ಅಳೆಯುವ ಕೊಳಗ ಒಡೆಯರದು. ಅದು ರೂಢಿಯ ಕೊಳಗಕ್ಕಿಂತ ದೊಡ್ಡದು. ಬೆಳೆದವನು ಎಷ್ಟೇ ತಂದು ಸುರಿದರೂ ಒಡೆಯರ ಅಂಗಳದಲ್ಲಿ ಅದು ಕಡಿಮೆಯೇ. ಆ ಅಂಗಳದಲ್ಲಿ ಅಳೆಯುವ ಆಳು ಬಹುಶಃ ಹೇಳಿದ್ದಿರಬಹುದು, 'ಕೊಳಗ ತುಂಬಲಿಲ್ಲ, ನಾನೆಂತ ಮಾಡದು?'

ಭೂಮಿಯ ಹಸಿವನ್ನೂ ಒಂದು ನಿಯೋಜಿತ ಬರಹದ ಹತ್ತು ಅಂಕವನ್ನೂ ನಾನು ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಹಾಗೆ ಹಾಕಿದರೆ ಕಾಗೋಡಿನವರಿಗೆ ಅವಮಾನ. ಆದರೆ ಆ ಹೋರಾಟ ಕಲಿಸಿದ ಒಂದು ಪ್ರಶ್ನೆ ಎಲ್ಲ ಕಾಲಕ್ಕೂ ಉಪಯೋಗಕ್ಕೆ ಬರುತ್ತದೆ: ಅಳತೆಯ ಪಾತ್ರೆ ಯಾರದು? ಅದರ ಗಾತ್ರ ಗೊತ್ತುಮಾಡಿದವರು ಯಾರು? ಅಳೆಸಿಕೊಳ್ಳುವವನಿಗೆ ಅದರೊಳಗೆ ಇಣುಕಿ ನೋಡುವ ಹಕ್ಕಿದೆಯೇ?

ಈ ವ್ಯವಸ್ಥೆಗಳು ನಮ್ಮ ಕಾಲೇಜುಗಳಿಗೆ ಬಂದ ಬಗೆಯನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಕೊರೊನಾ ಬಂತು, ತರಗತಿ ಮುಚ್ಚಿತು. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳಿಗಾಗಿ ಒಂದು ಎಲ್‌ಎಂಎಸ್ ಯೋಜನೆ ಆರಂಭಿಸಿತು. ಅದೇ ವರ್ಷ 1.5 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತು. ಜೊತೆಜೊತೆಗೇ ವಿಶ್ವವಿದ್ಯಾಲಯಗಳಿಗೆ ಯುಯುಸಿಎಂಎಸ್ ಬಂತು. ಪ್ರವೇಶ, ಪರೀಕ್ಷಾ ಅರ್ಜಿ, ಆಂತರಿಕ ಅಂಕ, ಫಲಿತಾಂಶ ಎಲ್ಲವೂ ಅದರಲ್ಲಿ. ಇವೆರಡೂ ಬೇರೆ ಬೇರೆ ಜಾತಿಯವು. ಯುಯುಸಿಎಂಎಸ್ ಕಚೇರಿಯ ಕೆಲಸಕ್ಕಾಗಿ ಹುಟ್ಟಿದ್ದು, ಅದು ಕಚೇರಿಯಂತೆ ವರ್ತಿಸಿದರೆ ದೂರಲಾಗದು. ಎಲ್‌ಎಂಎಸ್ ಹುಟ್ಟಿದ್ದು ಕಲಿಕೆಗಾಗಿ. ಅದರ ಮೂರು ಅಕ್ಷರಗಳಲ್ಲಿ ಮೊದಲನೆಯದು ಕಲಿಕೆ, ಎರಡನೆಯದು ನಿರ್ವಹಣೆ. ನಮ್ಮಲ್ಲಿ ಮೊದಲನೆಯದು ಉದುರಿಹೋಗಿ ಎರಡನೆಯದು ಉಳಿಯಿತು.

ಅದರೊಳಗೆ ಏನೇನಿದೆ ಎಂದು ಒಮ್ಮೆ ನೋಡಿ. ಚರ್ಚಾ ವೇದಿಕೆ ಇದೆ: ಒಬ್ಬರು ಎತ್ತಿದ ಪ್ರಶ್ನೆಗೆ ಇಡೀ ತರಗತಿ ತನ್ನ ಬಿಡುವಿನಲ್ಲಿ ಉತ್ತರ ಬರೆಯಬಹುದು. ಪದಕೋಶ ಇದೆ: ವಿದ್ಯಾರ್ಥಿಗಳೇ ಸೇರಿ ಪದಗಳಿಗೆ ಅರ್ಥ ಬರೆದು ಕಟ್ಟಬಹುದು. ದೀವರ ಮನೆಯ ಮಾತು, ಹವ್ಯಕರ ಮನೆಯ ಮಾತು, ಒಕ್ಕಲಿಗರ ಮನೆಯ ಮಾತು ಮೂರೂ ಕೂಡುವ ನಮ್ಮ ತಾಲ್ಲೂಕುಗಳಲ್ಲಿ ಎರಡು ವರ್ಷ ಇದೊಂದನ್ನೇ ಮಾಡಿದ್ದರೆ ಒಂದು ಒಳ್ಳೆಯ ಪ್ರಾದೇಶಿಕ ನಿಘಂಟು ಆಗುತ್ತಿತ್ತು. ಕಾರ್ಯಾಗಾರ ಎಂಬ ವಿಭಾಗದಲ್ಲಿ ವಿದ್ಯಾರ್ಥಿಗಳು ಒಬ್ಬರ ಬರಹವನ್ನು ಒಬ್ಬರು ಓದಿ, ಮೊದಲೇ ಒಪ್ಪಿಕೊಂಡ ಮಾನದಂಡಗಳ ಮೇಲೆ ಅಭಿಪ್ರಾಯ ಬರೆಯುತ್ತಾರೆ. ನಿಯೋಜಿತ ಬರಹವನ್ನು ಕರಡಿನ ರೂಪದಲ್ಲಿ ಕೊಟ್ಟು, ಮೇಷ್ಟ್ರ ಟಿಪ್ಪಣಿ ಪಡೆದು, ತಿದ್ದಿ ಮತ್ತೆ ಕೊಡಬಹುದು. ರಸಪ್ರಶ್ನೆಯಲ್ಲಿ ಉತ್ತರ ತಪ್ಪಾದಾಗ ಯಾಕೆ ತಪ್ಪು ಎಂದು ಅಲ್ಲೇ ವಿವರಣೆ ಕಾಣುವಂತೆ ಮಾಡಬಹುದು.

ಇಷ್ಟರಲ್ಲಿ ನಮ್ಮ ವಿದ್ಯಾರ್ಥಿಗಳು ಕಂಡಿರುವುದು ಯಾವುದು? ಪಿಪಿಟಿ ಅಪ್‌ಲೋಡ್, ಹಾಜರಿ, ಬಹುಆಯ್ಕೆ ಪ್ರಶ್ನೆ, ಗಡುವು. ತರಗತಿಯಲ್ಲಿ ಓದಿ ಹೇಳುತ್ತಿದ್ದ ನೋಟ್ಸು ಈಗ ಪಿಡಿಎಫ್ ಆಗಿದೆ. ಪುಟದ ತುದಿಗೆ ಹೋಗಿ 'ಮುಗಿಯಿತು' ಎಂಬ ಚೌಕಕ್ಕೆ ಟಿಕ್ ಹಾಕಿದರೆ ಪಾಠ ಮುಗಿಯಿತು. ವಿದ್ಯಾರ್ಥಿ ಅದನ್ನು ಓದಿದನೇ? ಯಂತ್ರ ಕೇಳುವುದಿಲ್ಲ. ಮೇಷ್ಟ್ರಿಗೂ ಅದೇ ಗತಿ. ತಿಂಗಳ ಕೊನೆಗೆ ಎಷ್ಟು ಕಡತ ಏರಿಸಿದಿರಿ ಎಂದು ಕೇಳುತ್ತಾರೆ. ಎಷ್ಟು ಮಕ್ಕಳಿಗೆ ಎಷ್ಟು ಸಾಲು ಟಿಪ್ಪಣಿ ಬರೆದಿರಿ ಎಂದು ಒಬ್ಬರೂ ನನ್ನನ್ನು ಈತನಕ ಕೇಳಿಲ್ಲ.

ಅಳತೆ ಹೀಗಿದ್ದರೆ ಅಳತೆಗೆ ತಕ್ಕ ಭತ್ತವೇ ಬರುತ್ತದೆ. ಈಗ ನಮಗೆ ಬರುವ ನಿಯೋಜಿತ ಬರಹಗಳಲ್ಲಿ ಬಹಳಷ್ಟು ಚಾಟ್‌ಜಿಪಿಟಿಯಿಂದ ಬರುತ್ತವೆ. ನುಣ್ಣಗಿರುತ್ತವೆ, ಕಾಗುಣಿತ ತಪ್ಪಿರುವುದಿಲ್ಲ, ಸರಿಯಾದ ಸಮಯಕ್ಕೆ ಬಂದಿರುತ್ತವೆ, ಪೂರ್ಣಾಂಕ ಪಡೆಯುತ್ತವೆ. ಸಹೋದ್ಯೋಗಿಗಳು ಹುಡುಗರಿಗೆ ಬೈಯುತ್ತಾರೆ. ನನಗೆ ಬೈಯಲು ಮನಸ್ಸಾಗುವುದಿಲ್ಲ. ನಾವು ಕೇಳಿದ್ದು ಕಡತ, ಅವರು ಕೊಟ್ಟದ್ದು ಕಡತ. ಅಜ್ಜಿಯನ್ನು ಮಾತಾಡಿಸಿ ಹದಿನಾಲ್ಕು ಪುಟ ಕೈಯಲ್ಲಿ ಬರೆದವನಿಗೆ ಸೊನ್ನೆ, ಎರಡು ನಿಮಿಷದಲ್ಲಿ ಬರೆಸಿ ಕಳಿಸಿದವನಿಗೆ ಹತ್ತು. ಇದನ್ನು ನೋಡಿದ ಮಕ್ಕಳು ಯಾವ ಪಾಠ ಕಲಿಯುತ್ತಾರೆ ಎಂಬುದಕ್ಕೆ ಬಿ.ಎಡ್. ಬೇಕಿಲ್ಲ.

ಇನ್ನು ನೆಲದ ಮಾತು. ಸಾಗರ, ಹೊಸನಗರ, ತೀರ್ಥಹಳ್ಳಿ ನಕ್ಷೆಯಲ್ಲಿ ಅಕ್ಕಪಕ್ಕದ ಮೂರು ತಾಲ್ಲೂಕು. ಆದರೆ ಇಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಹೇಳಿದವರು ಮೋಸ ಹೋಗುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ತಡೆದ ಮೇಲೆ ಕರೂರು ಹೋಬಳಿಯವರು ಸಾಗರಕ್ಕೆ ಬರಲು ದಶಕಗಳ ಕಾಲ ಲಾಂಚಿಗೆ ಕಾದರು. ಹಿನ್ನೀರಿಗೆ ಸೇತುವೆ ಆದದ್ದು 2025ರ ಜುಲೈಯಲ್ಲಿ. ರಾಜ್ಯಕ್ಕೆ ಬೆಳಕು ಕೊಡಲು ಮುಳುಗಿದ ಊರುಗಳ ಮಕ್ಕಳು ಸೀಮೆಎಣ್ಣೆ ಬುಡ್ಡಿಯಲ್ಲಿ ಓದಿದ್ದಾರೆ. ಹುಲಿಕಲ್ಲು, ಮಾಸ್ತಿಕಟ್ಟೆ, ಆಗುಂಬೆಯ ಕಡೆ ಮಳೆಗಾಲವೆಂದರೆ ಕರೆಂಟಿಲ್ಲದ ದಿನಗಳು. ಕೊರೊನಾ ಕಾಲದಲ್ಲಿ ಮಲೆನಾಡಿನ ಹಳ್ಳಿಗಳಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂಬ ಅಭಿಯಾನವೇ ನಡೆಯಿತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹುಡುಗಿಯೊಬ್ಬಳು ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ, ಅವಳಪ್ಪ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ದೇಶವೆಲ್ಲ ನೋಡಿತು. ಆ ಚಿತ್ರಕ್ಕೆ ನಾವೆಲ್ಲ ಕಣ್ಣೀರು ಹಾಕಿದೆವು, ಹಂಚಿಕೊಂಡೆವು. ಆಮೇಲೆ ಅದೇ ಹುಡುಗಿಯಂಥವರ ಮುಂದೆ ಹನ್ನೊಂದೂ ಐವತ್ತೊಂಬತ್ತರ ಬಾಗಿಲು ಹಾಕಿದೆವು.

ಲಾಗ್ ಎಂಬ ದಾಖಲೆ ಪುಸ್ತಕವೊಂದು ಈ ವ್ಯವಸ್ಥೆಯಲ್ಲಿದೆ. ಯಾರು, ಎಷ್ಟು ಹೊತ್ತಿಗೆ, ಯಾವ ಪುಟ ತೆರೆದರು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಕೊನೆಕೊಯ್ಲಿನ ದಿನಗಳಲ್ಲಿ ಮೂರು ವಾರ ಲಾಗಿನ್ ಆಗದ ಹುಡುಗಿಯನ್ನು ಅದು 'ನಿಷ್ಕ್ರಿಯ' ಎನ್ನುತ್ತದೆ. ಅವಳು ಆ ಮೂರು ವಾರ ಬೆಳಿಗ್ಗೆ ಅಡುಗೆ, ಹಗಲು ಕಾಲೇಜು, ರಾತ್ರಿ ಅಡಿಕೆ ಸುಲಿಯುವ ಕೆಲಸ ಮಾಡಿದ್ದಾಳೆ. ಮನೆಯಲ್ಲಿರುವ ಒಂದೇ ಫೋನು ಅಪ್ಪಯ್ಯನ ಜೇಬಿನಲ್ಲಿ ತೋಟಕ್ಕೆ ಹೋಗಿದೆ. ಲಾಗ್ ಸುಳ್ಳು ಹೇಳುವುದಿಲ್ಲ, ಅದಕ್ಕೆ ಕಾಣುವಷ್ಟನ್ನೇ ಹೇಳುತ್ತದೆ. ಆ ಅಷ್ಟನ್ನೇ ಹಿಡಿದು ಮಕ್ಕಳ ಶ್ರದ್ಧೆಯ ಬಗ್ಗೆ ತೀರ್ಪು ಕೊಡುವುದು ನಮ್ಮ ತಪ್ಪು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಗೊತ್ತು. 'ನೀವು ಹಳೇ ಕಾಲದವರು, ತಂತ್ರಜ್ಞಾನ ಬೇಡ ಅನ್ನುವವರು.' ಅಲ್ಲ. ಎರಡು ವರ್ಷದ ಹಿಂದೆ ನಾನು ಹಟ ಹಿಡಿದು ಒಂದು ಪತ್ರಿಕೆಗೆ ಚರ್ಚಾ ವೇದಿಕೆ ತೆರೆಸಿದೆ. ಮೂರು ಸೆಮಿಸ್ಟರ್ ಒಂದೇ ಒಂದು ಮಾತಾಡದ ಹುಡುಗಿ, ಹೆಸರು ಕರೆದರೆ ಎದ್ದು ನಿಂತು ನೆಲ ನೋಡುತ್ತಿದ್ದವಳು, ಅಲ್ಲಿ ಬರೆಯತೊಡಗಿದಳು. ಮೊದಲು ಎರಡು ಸಾಲು, ಆಮೇಲೆ ಎರಡು ಪುಟ. ಮುಂದಿನ ಬೆಂಚಿನ ಜಾಣರು ಅವಳ ಮಾತಿಗೆ ಉತ್ತರ ಕೊಡಲು ಪುಸ್ತಕ ಹುಡುಕಬೇಕಾಯಿತು. ನನ್ನ ತರಗತಿಯ ಗೋಡೆ ಅವಳನ್ನು ಮೂಕಿ ಮಾಡಿತ್ತು, ತಂತ್ರಾಂಶ ಬಾಯಿ ಕೊಟ್ಟಿತು. ಮರುವರ್ಷ ಆ ವೇದಿಕೆಯನ್ನು ಮುಚ್ಚಿದರು. ಅಲ್ಲಿ ಬರೆದದ್ದಕ್ಕೆ ವರದಿಯಲ್ಲಿ ಕಾಲಂ ಇರಲಿಲ್ಲ. ಆದ್ದರಿಂದ ನನ್ನ ಜಗಳ ಯಂತ್ರದ ಜೊತೆಗಲ್ಲ. ಅದರ ಒಳ್ಳೆಯ ಕೋಣೆಗಳಿಗೆಲ್ಲ ಬೀಗ ಹಾಕಿ, ಹಾಜರಿ ಕೋಣೆಯನ್ನು ಮಾತ್ರ ತೆರೆದಿಟ್ಟವರ ಜೊತೆ.

ಮೂಡಲ್ ಹುಟ್ಟಿದ ಕತೆಯನ್ನು ಅವರಿಗೆ ಓದಿ ಹೇಳಬೇಕೆನಿಸುತ್ತದೆ. ಅದನ್ನು ರೂಪಿಸಿದ ಮಾರ್ಟಿನ್ ಡೂಗಿಯಾಮಸ್ ಬೆಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಒಂದು ದೂರದ ನೆಲೆಯಲ್ಲಿ. ಹತ್ತಿರದಲ್ಲಿ ಶಾಲೆಯಿಲ್ಲ. ಪಾಠ ಬರುತ್ತಿದ್ದದ್ದು ಶಾರ್ಟ್‌ವೇವ್ ರೇಡಿಯೊದಲ್ಲಿ, ಬರೆದ ಉತ್ತರಗಳು ಹೋಗಿಬರುತ್ತಿದ್ದದ್ದು ವಿಮಾನದಲ್ಲಿ. ಆಸ್ಟ್ರೇಲಿಯಾದ ಆ 'ಗಾಳಿಶಾಲೆ' ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಶುರುವಾದದ್ದು 1951ರ ಜೂನ್‌ನಲ್ಲಿ, ನಮ್ಮ ಕಾಗೋಡಿನಲ್ಲಿ ಸತ್ಯಾಗ್ರಹ ನಡೆಯುತ್ತಿದ್ದಾಗಲೇ. ಅಂಥ ಶಾಲೆಯ ಹುಡುಗ ದೊಡ್ಡವನಾಗಿ 2002ರಲ್ಲಿ ಬಿಡುಗಡೆ ಮಾಡಿದ ತಂತ್ರಾಂಶ ಇದು. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಮ್ಮ ಭಾಷೆಗೆ ತಂದುಕೊಳ್ಳಬಹುದು. ದೂರದ ಮಗುವಿಗಾಗಿ, ದೂರದಲ್ಲಿ ಬೆಳೆದವನು ಮಾಡಿದ ವಸ್ತು. ಇಂಥದ್ದನ್ನು ತಂದು ದೂರದ ಮಗುವನ್ನೇ ಹೊರಗಿಡುವ ಗೇಟು ಮಾಡಿಕೊಂಡವರು ನಾವು.

'ನೆಟ್‌ವರ್ಕ್ ಇಲ್ಲದಿದ್ದರೆ ಏನು ಮಾಡಲಾಗುತ್ತದೆ' ಎನ್ನುವುದೂ ಪೂರ್ತಿ ನಿಜವಲ್ಲ. ಮೂಡಲ್‌ನ ಮೊಬೈಲ್ ಆ್ಯಪ್‌ನಲ್ಲಿ ಕಾಲೇಜಿನ ವೈಫೈ ಇರುವಾಗ ಪಾಠ ಇಳಿಸಿಕೊಂಡು ಮನೆಯಲ್ಲಿ ನೆಟ್ ಇಲ್ಲದೆ ಓದಬಹುದು. ಸಮಯಮಿತಿ ಇಲ್ಲದ ರಸಪ್ರಶ್ನೆಗೆ, ಮೇಷ್ಟ್ರು ಅನುಮತಿ ಕೊಟ್ಟಿದ್ದರೆ, ನೆಟ್ ಇಲ್ಲದೆಯೇ ಉತ್ತರ ಬರೆದಿಟ್ಟು, ಮರುದಿನ ಪೇಟೆಗೆ ಬಂದಾಗ ಕಳಿಸಬಹುದು. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಇಡೀ ಮೂಡಲ್ ಕೂರಿಸಿ, ಇಂಟರ್ನೆಟ್ಟೇ ಇಲ್ಲದೆ ಒಂದು ಕೋಣೆಯ ಮಕ್ಕಳಿಗೆ ವೈಫೈ ಮೂಲಕ ಪಾಠ ಕೊಡುವ ಮೂಡಲ್‌ಬಾಕ್ಸ್ ಎಂಬ ಉಚಿತ ಯೋಜನೆಯೂ ಇದೆ. ಅಂಥದ್ದೊಂದನ್ನು ಊರಿನ ಗ್ರಂಥಾಲಯದಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಇಡಲು ಕೋಟಿ ಬೇಕಿಲ್ಲ. ಬೇಕಾದದ್ದು, ಹೀಗೊಂದಿದೆ ಎಂದು ತಿಳಿದುಕೊಳ್ಳುವ ವ್ಯವಧಾನ.

ಕಲಿಕೆಯ ವ್ಯವಸ್ಥೆ ಕಟ್ಟುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಒಂದು ಹಳ್ಳಿಯಲ್ಲಿ ಜಗತ್ತಿನ ಸಿನಿಮಾ ತೋರಿಸಿತು, ನಾಟಕ ಕಲಿಸಿತು, 1985ರಿಂದ ತಿರುಗಾಟದ ಮೂಲಕ ಊರೂರಿಗೆ ಒಯ್ದಿತು. ಪ್ರೊಜೆಕ್ಟರೂ ಆ ಕಾಲದ ತಂತ್ರಜ್ಞಾನವೇ. ಕೆ.ವಿ. ಸುಬ್ಬಣ್ಣ ಮತ್ತು ಅವರ ಗೆಳೆಯರಿಗೆ ಯಂತ್ರ ತಂದಿಟ್ಟರೆ ಸಾಲದು, ನೋಡಿದ ಮೇಲೆ ಜನ ಕೂತು ಮಾತಾಡಬೇಕು ಎಂಬುದು ಗೊತ್ತಿತ್ತು. ಸಿನಿಮಾ ಎಷ್ಟು ಜನ ನೋಡಿದರು ಎಂಬ ಪಟ್ಟಿಯನ್ನಷ್ಟೇ ಇಟ್ಟುಕೊಂಡು ಅವರು ಮನೆಗೆ ಹೋಗಿದ್ದರೆ ಇವತ್ತು ಹೆಗ್ಗೋಡಿನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಒಂದು, ಬಾಗಿಲು ಮುಚ್ಚುವ ದಿನಾಂಕವನ್ನು ತೆಗೆದುಹಾಕಿ, ತಡವಾದದ್ದಕ್ಕೆ 'ತಡ' ಎಂದೇ ಬೀಳಲಿ, ಕಾರಣವನ್ನು ಪಾಠ ಮಾಡಿದವರು ಕೇಳಿ ತೀರ್ಮಾನಿಸಲಿ. ಎರಡು, ಪಾಠ ಮಾಡುವವರು ಅತಿಥಿಗಳಾದರೂ ಸರಿ, ತಮ್ಮ ಪಾಠವನ್ನು ತಿದ್ದುವ ಹಕ್ಕು ಅವರಿಗಿರಲಿ. ಮೂರು, ವಿದ್ಯಾರ್ಥಿಯ ಬಗ್ಗೆ ಯಂತ್ರ ಬರೆದಿಟ್ಟದ್ದನ್ನು ವಿದ್ಯಾರ್ಥಿಗೆ ತೋರಿಸಿ. ಮೂಡಲ್‌ನಲ್ಲಿ ಅದಕ್ಕೆಂದೇ ಒಂದು ಆಯ್ಕೆ ಇದೆ, 'ಇಲ್ಲ' ಎಂದಿರುವುದನ್ನು 'ಹೌದು' ಮಾಡಿದರಾಯಿತು. ನಾಲ್ಕು, ಲಾಗಿನ್ ಎಣಿಕೆಯಿಂದ ಯಾರ ಅಂಕವನ್ನೂ ಕಡಿಯಬೇಡಿ. ಐದು, ಚರ್ಚಾ ವೇದಿಕೆ, ಪದಕೋಶ, ಕಾರ್ಯಾಗಾರಗಳ ಬೀಗ ತೆಗೆಯಿರಿ. ಪರದೆಯ ಮೇಲಿನ ಗುಂಡಿಗಳು ಕನ್ನಡದಲ್ಲಿರಲಿ, ಅದನ್ನು ಕನ್ನಡಿಸುವ ಕೆಲಸವನ್ನು ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೇ ಕೊಡಿ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. 'ಸಿಸ್ಟಂ ತಗೊಳಲ್ಲ' ಎಂದು ಯಾರಾದರೂ ಹೇಳಿದರೆ ತಲೆ ತಗ್ಗಿಸಿ ಹೊರಗೆ ಬರಬೇಡಿ. ಯಾವ ಆಯ್ಕೆಯಿಂದ ತಗೊಳಲ್ಲ, ಆ ಆಯ್ಕೆಯನ್ನು ಹಾಗಿಟ್ಟವರು ಯಾರು, ಬದಲಿಸುವವರು ಯಾರು ಎಂದು ಕೇಳಿ, ವಿನಯದಿಂದಲೇ ಕೇಳಿ. ಉತ್ತರ ಸಿಗದಿದ್ದರೆ ಬರವಣಿಗೆಯಲ್ಲಿ ಕೇಳಿ. ಕಾಗೋಡಿನವರು ಕೇಳಿದ್ದೂ ಹೀಗೆಯೇ, ಕೊಳಗವನ್ನು ಮುಂದಿಟ್ಟುಕೊಂಡು.

ಆ ಹುಡುಗನ ಹದಿನಾಲ್ಕು ಹಾಳೆ ಇನ್ನೂ ನನ್ನ ಬಳಿಯೇ ಇದೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಟಿಪ್ಪಣಿ ಬರೆದು, ಕೊನೆಗೆ ಹತ್ತಕ್ಕೆ ಒಂಬತ್ತು ಎಂದು ಹಾಕಿದ್ದೇನೆ. ಕಾಗುಣಿತಕ್ಕೆ ಒಂದು ಕಳೆದಿದ್ದೇನೆ. ಪರದೆಯ ಮೇಲೆ ಅವನ ಹೆಸರಿನ ಮುಂದೆ ಈಗಲೂ ಸೊನ್ನೆಯೇ ಇದೆ.